ಗೋಡೆಯಾಚೆಗೆ ಒಂದು ರಜಿಸ್ಟರ್ ನೋಟೀಸು

ನನ್ನ ಮುಖ ನೋಡಿ ಈವರೆಗೆ ಯಾರೂ ಹೆದರಿಲ್ಲ. ನನ್ನ ಅಕ್ಷರ ನೋಡಿ ಹೆದರಿದವರು ಮಾತ್ರ ಲಿಂಗಸುಗೂರು ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿನ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ನನ್ನ ಮೇಜಿನ ಕೆಲಸವೆಂದರೆ ನೋಟೀಸು ಬರೆಯುವುದು. 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದು ಶುರುಮಾಡಿ, 'ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು' ಎಂಬಲ್ಲಿಗೆ ಬರುವಷ್ಟರಲ್ಲಿ ನನ್ನ ಎದೆ ಎರಡು ಅಂಗುಲ ಉಬ್ಬಿರುತ್ತಿತ್ತು. ಆದರೆ ಅದೇ ನೋಟೀಸು ಹಿಡಿದುಕೊಂಡು ಆ ಮನುಷ್ಯ ನನ್ನ ಮೇಜಿನ ಮುಂದೆ ಬಂದು ನಿಂತನೋ, ಎದ್ದು ಕುರ್ಚಿ ಕೊಟ್ಟು, ಚಹಾ ತರಿಸಿ, ಸಾಹೇಬರು ಬರೆಸ್ಯಾರ ರೀ, ನಂದೇನೂ ಇಲ್ಲ ಎಂದು ಕೈತೊಳೆದುಕೊಳ್ಳುತ್ತಿದ್ದೆ. ಬರೆಯುವ ಧೈರ್ಯವನ್ನೆಲ್ಲ ದೇವರು ನನ್ನ ಬೆರಳಿಗೆ ಕೊಟ್ಟು ನಾಲಿಗೆಯನ್ನು ಹಾಗೇ ಬಿಟ್ಟಿದ್ದಾನೆ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಎಂಟಾಣೆ ಚಿಲ್ಲರೆಯನ್ನು ಇಳಿಯುವಾಗ ಕೇಳಲು ನಾಚಿ, ಆ ಟಿಕೆಟ್ಟುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದವನು ನಾನು. ನನ್ನ ಹೆಂಡತಿ ಶಾಂತಾ ಅದಕ್ಕೆ 'ನಿಮ್ಮ ಬ್ಯಾಂಕು' ಎಂದು ಹೆಸರಿಟ್ಟಿದ್ದಳು.

ಇಂಥವನಿಗೆ ಸಿಂಧನೂರಿನಲ್ಲಿ ಒಂದು ಮನೆ, ಆ ಮನೆಗೆ ಒಬ್ಬ ಬಾಡಿಗೆದಾರಳು. ಮನೆ ದೊಡ್ಡದೇನಲ್ಲ. ಹಿಂದಿನ ಮೂರು ಖೋಲಿಯಲ್ಲಿ ನಾವು, ಬೀದಿಗೆ ಮುಖ ಮಾಡಿದ ಎರಡು ಖೋಲಿಯಲ್ಲಿ ಈರಮ್ಮನ ಖಾನಾವಳಿ. ನಡುವೆ ಒಂದು ಗೋಡೆ. ಗಂಡ ತೀರಿಕೊಂಡ ಮೇಲೆ ಈರಮ್ಮ ತುರ್ವಿಹಾಳದಿಂದ ಎರಡು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ, ಒಬ್ಬಳು ಮಗಳು, ಇಷ್ಟನ್ನು ಕಟ್ಟಿಕೊಂಡು ಬಂದು ಎಂಬತ್ತು ರೂಪಾಯಿ ಬಾಡಿಗೆಗೆ ಕೂತವಳು. ಮಗಳನ್ನು ಮಸ್ಕಿಗೆ ಕೊಟ್ಟು ಮದುವೆ ಮಾಡಿದ್ದೂ ಅದೇ ಹಂಚಿನ ದುಡಿಮೆಯಲ್ಲಿ. ಕಾಲುವೆ ನೀರು ಬಂದು ಸಿಂಧನೂರು ದಪ್ಪಗಾಗುತ್ತಿದ್ದ ಕಾಲ ಅದು. ಭತ್ತದ ಲಾರಿ ಡ್ರೈವರುಗಳು, ರೈಸ್ ಮಿಲ್ಲಿನ ಹಮಾಲರು, ಹೆಂಡತಿಯನ್ನು ಊರಲ್ಲೇ ಬಿಟ್ಟು ವರ್ಗವಾಗಿ ಬಂದ ಮಾಸ್ತರುಗಳು, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ತರಕಾರಿ ತಂದು ಮಾರಿ ಮಧ್ಯಾಹ್ನಕ್ಕೆ ಅನ್ನ ಬಿಟ್ಟು ರೊಟ್ಟಿಗೇ ಒಗ್ಗಿಕೊಂಡ ವ್ಯಾಪಾರಿ, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಬೆಳಗಿನ ಜಾವ ಗೋಡೆಯಾಚೆ ಈರಮ್ಮ ರೊಟ್ಟಿ ಬಡಿಯುವ ಸದ್ದೇ ನಮ್ಮ ಮನೆಯ ಗಡಿಯಾರವಾಗಿತ್ತು.

ಒಂಬತ್ತು ವರ್ಷವಾದರೂ ಬಾಡಿಗೆ ಎಂಬತ್ತರಲ್ಲೇ ಇತ್ತು. ನಮ್ಮ ಓಣಿಯಲ್ಲಿ ಎಮ್ಮೆ ಕಟ್ಟುವ ಜಾಗಕ್ಕೂ ಅದಕ್ಕಿಂತ ಹೆಚ್ಚು ಬರುತ್ತಿದೆ ಎಂದು ಶಾಂತಾ ವಿಚಾರಣೆ ಮಾಡಿಕೊಂಡು ಬಂದಳು. ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿಸದಿದ್ದರೆ ಜೂನಿನ ಮಿರಗದ ಮಳೆಗೆ ಮನೆಯೊಳಗೇ ಕಾಲುವೆ ಹರಿಯುತ್ತದೆ, ಮಣ್ಣು ಹಾಕಿಸಲು ದುಡ್ಡು ಬೇಕು, ದುಡ್ಡಿಗೆ ಬಾಡಿಗೆ ಏರಬೇಕು ಎಂಬುದು ಅವಳ ವಾದ. ನೂರಾ ಇಪ್ಪತ್ತು ಮಾಡಿ ಎಂದಳು. ಆ ವಾದದಲ್ಲಿ ಒಂದು ತೂತೂ ಸಿಗಲಿಲ್ಲ. ಹಾಗಾಗಿ ನಾನು ಹೇಳಿಬರಲು ಹೊರಟೆ.

ಮೊದಲ ಸಲ ಹೋದಾಗ ಈರಮ್ಮ ಎಣ್ಣೆಗಾಯಿ ಇಳಿಸುತ್ತಿದ್ದಳು. ಬರ್ರಿ ಅಣ್ಣಾರ, ಬರೋಬ್ಬರಿ ಹೊತ್ತಿಗೆ ಬಂದ್ರಿ ಎಂದು ಮಣೆ ಹಾಕಿದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನನಗೆ ಶಾಸ್ತ್ರ ಹೇಳಲು ಆಗಲಿಲ್ಲ, ಬದನೆಕಾಯಿ ಮಾತ್ರ ತಿಂದು ಬಂದೆ. ಎರಡನೇ ಸಲ ಹೋದಾಗ ಜೋಳದ ರೇಟು, ಕಟ್ಟಿಗೆಯ ರೇಟು ಹೇಗೆ ಏರಿವೆ ಎಂದು ಅವಳೇ ಶುರುಮಾಡಿದಳು. ಅಯ್ಯೋ ಹೌದಾ ಎಂದು ಮರುಗಿ, ಪರಿಚಯದ ಕಟ್ಟಿಗೆ ಅಡ್ಡೆಯವನಿಗೆ ಒಂದು ಮಾತು ಹೇಳುತ್ತೇನೆಂದು ಒಪ್ಪಿಕೊಂಡು ಬಂದೆ. ಮೂರನೇ ಸಲ ಮನೆಯಲ್ಲೇ ನಾಲ್ಕು ಬಾರಿ ಬಾಯಿಪಾಠ ಮಾಡಿಕೊಂಡು ಹೋದವನು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಹಿಡಿದುಕೊಂಡು ಮರಳಿದೆ. ಏನಂದಳು ಎಂದು ಶಾಂತಾ ಕೇಳಿದರೆ ಡಬ್ಬಿ ತೋರಿಸಿದೆ. ಅವಳು ಡಬ್ಬಿ ತೆಗೆದುಕೊಂಡಳು, ಮಾತು ನಿಲ್ಲಿಸಿದಳು. ಆದರೆ ಆ ಹಿಂಡಿಯನ್ನು ಇಬ್ಬರೂ ಮೂರೇ ದಿನದಲ್ಲಿ ಮುಗಿಸಿದೆವು ಎಂಬುದನ್ನೂ ಹೇಳಬೇಕು.

ನಾನು ದಿನಾ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ದಾರಿಯಲ್ಲಿ ಮಸ್ಕಿಯಲ್ಲಿ ಒಬ್ಬ ವಕೀಲರು ಹತ್ತುತ್ತಿದ್ದರು. ಫೀಸಿಲ್ಲದೆ ಸಲಹೆ ಕೊಡಬಾರದೆಂಬ ನಿಯಮವಿದ್ದರೂ ಪಕ್ಕದಲ್ಲಿ ಸೀಟು ಹಿಡಿದಿಟ್ಟವರಿಗೆ ಅವರು ಅದನ್ನು ಸಡಿಲಿಸುತ್ತಿದ್ದರು. ನನ್ನ ಕಷ್ಟ ಕೇಳಿ ನಕ್ಕರು. ಬಾಯಿಮಾತಿನಲ್ಲಿ ಹೇಳಿದ ಬಾಡಿಗೆ ಏರಿಕೆ ಕೋರ್ಟಿನಲ್ಲಿ ನಿಲ್ಲುವುದೇ ಇಲ್ಲ, ಲಿಖಿತ ನೋಟೀಸು ಕೊಡಬೇಕು, ಪೂರ್ತಿ ಒಂದು ತಿಂಗಳ ಮುದ್ದತು ಕೊಡಬೇಕು, ರಜಿಸ್ಟರ್ ಮಾಡಿ ಸ್ವೀಕೃತಿ ಚೀಟಿ ಇಟ್ಟುಕೊಳ್ಳಬೇಕು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅಂದರೆ ನಾನು ಮೂರು ಸಲ ಹೇಳದೇ ಬಂದದ್ದು ಹೇಡಿತನವಲ್ಲ, ಕಾನೂನು ಪಾಲನೆ. ಅವರು ತಮ್ಮ ಚೀಲದಿಂದ ನೋಟೀಸಿನ ಒಂದು ನಮೂನೆಯನ್ನೂ ತೆಗೆದುಕೊಟ್ಟರು.

ಆ ನಮೂನೆ ನನ್ನ ಕೈಗೆ ಸಿಕ್ಕ ಮೇಲೆ ಕೇಳಬೇಕೆ? ಊಟದ ಬಿಡುವಿನಲ್ಲಿ ಕೂತು ಬರೆದೆ. ಒಂಬತ್ತು ವರ್ಷ ಕೈಯಾರೆ ಬಡಿಸಿದ ಈರಮ್ಮ ಮೊದಲ ಸಾಲಿನಲ್ಲೇ 'ಸದರಿ ಬಾಡಿಗೆದಾರಳು' ಆದಳು. ನಮ್ಮ ಸೋರುವ ಮನೆ 'ಷೆಡ್ಯೂಲ್ ಸ್ವತ್ತು' ಆಯಿತು. ಕೊನೆಯ ಪ್ಯಾರಾದಲ್ಲಿ, 'ತಪ್ಪಿದಲ್ಲಿ ಸದರಿ ಸ್ವತ್ತನ್ನು ಮೂವತ್ತು ದಿನಗಳೊಳಗೆ ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡತಕ್ಕದ್ದು' ಎಂದು ನಮೂನೆಯಲ್ಲಿ ಇತ್ತು, ಇಳಿಸಿದೆ. ಖಾಲಿ ಮಾಡಿಸಬೇಕೆಂಬ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ. ಆದರೆ ತಪ್ಪಿದಲ್ಲಿ ಎಂಬುದಿಲ್ಲದ ನೋಟೀಸು ನನ್ನ ಕಣ್ಣಿಗೆ ಉಪ್ಪಿಲ್ಲದ ಸಾರು. ಸಿಂಧನೂರಿನಲ್ಲೇ ರಜಿಸ್ಟರ್ ಮಾಡಿದರೆ, ಪಕ್ಕದ ಬಾಗಿಲಿಗೆ ಕಾಗದ ಹಾಕುವ ಗಂಡಸನ್ನು ನೋಡಿ ನಕ್ಕಾರೆಂದು ಲಿಂಗಸುಗೂರಿನಲ್ಲೇ ಮಾಡಿಸಿದೆ. ಒಂದು ಗೋಡೆ ದಾಟಬೇಕಿದ್ದ ಕಾಗದ ಹೀಗೆ ಎರಡು ಪಟ್ಟಣ ಸುತ್ತಿ ನಾಲ್ಕು ದಿನ ತೆಗೆದುಕೊಂಡಿತು. ಆ ನಾಲ್ಕೂ ದಿನ ನಾನು ಹಿತ್ತಲ ಬಾಗಿಲಿನಿಂದ ಓಡಾಡಿದೆ.

ಇಲ್ಲಿ ನಾನೊಂದು ಸಂಗತಿ ಮರೆತಿದ್ದೆ. ಈರಮ್ಮನಿಗೆ ಓದು ಬರಹ ಬಾರದು. ಅವಳ ಮನೆಗೆ ಬಂದ ಯಾವ ಕಾಗದವನ್ನಾದರೂ ಓದಿ ಹೇಳಿದವನು ನಾನು, ಜವಾಬು ಬರೆದವನೂ ನಾನು. ಮಗಳಿಗೆ ಹೋಗುವ ಪತ್ರ, ರೇಷನ್ ಕಾರ್ಡಿನ ಅರ್ಜಿ, ಎಲ್ಲಾ ನನ್ನ ಅಕ್ಷರವೇ. ಹಿಂದೊಮ್ಮೆ ಮುಸುರೆ ನೀರು ಬೀದಿಗೆ ಹರಿಯುತ್ತದೆಂದು ನೆರೆಯ ಅಂಗಡಿಯವನು ಅವಳಿಗೆ ನೋಟೀಸು ಕೊಡಿಸಿದ್ದಾಗ ನಾನು ಬರೆದ ಉತ್ತರ ಎಷ್ಟು ಖಾರವಾಗಿತ್ತೆಂದರೆ, ಆತ ಮರುವಾರ ತಾನೇ ಗಟಾರ ಬಳಿಸಿದ. ನೋಟೀಸು ಬಂದರೆ ಹೆದರಬೇಡ, ಹಲ್ಲು ಇರುವುದು ಕೊನೇ ಪ್ಯಾರಾದಲ್ಲಿ, ಮೊದಲು ಅದನ್ನು ಓದಿಸು ಎಂದು ಅವಳಿಗೆ ಬುದ್ಧಿ ಹೇಳಿಕೊಟ್ಟ ಮಹಾನುಭಾವನೂ ನಾನೇ.

ಅದು ಎರಡನೇ ಶನಿವಾರ, ಕಚೇರಿಗೆ ರಜೆ. ಹಿತ್ತಲಲ್ಲಿ ಕೂತು ಕರಿಬೇವಿನ ಗಿಡಕ್ಕೆ ಸುಮ್ಮನೆ ನೀರು ಹಾಕುತ್ತಿದ್ದೆ. ಮುಂದಿನ ಬಾಗಲಾಗ ಕಾಣವಲ್ರಿ ಅಂತ ಹಿಂದ ಬಂದೆ ಎನ್ನುತ್ತ ಈರಮ್ಮ ಬಂದು ನಿಂತಳು. ಕೈಗೆ ಇನ್ನೂ ಹಿಟ್ಟು ಅಂಟಿತ್ತು. ಸೆರಗಿನ ತುದಿಯಲ್ಲಿ ಹಿಡಿದುಕೊಂಡಿದ್ದು ನನ್ನದೇ ಲಕೋಟೆ.

"ಅಣ್ಣಾರ, ರಜಿಸ್ಟರ್ ಬಂದೈತಿ. ಓದಿ ಹೇಳ್ರಿ."

ಲಕೋಟೆಯ ಮೂಲೆಯಲ್ಲಿ ನನ್ನ ಹೆಸರಿತ್ತು. ಅವಳು ಓದಲಾರಳು, ಆದರೆ ತನ್ನ ಎಮ್ಮೆಯನ್ನು ಹಿಂಡಿನಲ್ಲಿ ಗುರುತಿಸುವಂತೆ ನನ್ನ ಅಕ್ಷರವನ್ನು ಗುರುತಿಸುತ್ತಿದ್ದಳು. ಜೊತೆಗೆ ನಮ್ಮ ಓಣಿಯ ಪೋಸ್ಟ್‌ಮನ್ ಕಳಿಸಿದವರ ಹೆಸರು ಹೇಳದೆ ಒಂದು ಕಾರ್ಡನ್ನೂ ಕೊಟ್ಟವನಲ್ಲ. ಹೀಗಾಗಿ ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ನನಗೂ ಗೊತ್ತಾಯಿತು. ಆದರೂ ಅವಳು ಏನೂ ಗೊತ್ತಿಲ್ಲದವಳಂತೆ ಕಟ್ಟೆಯ ಮೇಲೆ ಕೂತಳು. ನಾನು ನಾನೇ ಅಂಟಿಸಿದ ಲಕೋಟೆಯನ್ನು, ಒಳಗೆ ಏನಿದೆಯೋ ಏನೋ ಎಂಬ ಮುಖ ಮಾಡಿಕೊಂಡು ಹರಿದೆ.

ಎರಡು ಸಾಲು ಓದುವಷ್ಟರಲ್ಲಿ ಅವಳು ತಡೆದು, ಕನ್ನಡದಾಗ ಹೇಳ್ರಿ ಅಣ್ಣಾರ ಎಂದಳು. ಅದು ಕನ್ನಡವೇ ಎಂದು ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಾಲಕರು ಮುಂದಿನ ತಿಂಗಳಿನಿಂದ ಬಾಡಿಗೆ ನೂರಾ ಇಪ್ಪತ್ತು ಮಾಡಬೇಕು ಅಂತಾರ ಎಂದೆ. ಮಾಲಕರು ಎಂಬ ಮಾತು ಬಾಯಿಂದ ಬಂದದ್ದೇ ತಡ, ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಇರುವ ಒಬ್ಬ ಕ್ರೂರ ಮುದುಕ ನಮ್ಮಿಬ್ಬರ ನಡುವೆ ಬಂದು ಕೂತಂತಾಯಿತು. ನನಗೆ ಎಷ್ಟೋ ಹಗುರಾಯಿತು. ಈರಮ್ಮನೂ ಅವನನ್ನು ಒಪ್ಪಿಕೊಂಡಳು. ಯಾಕಂತ ಕೇಳ್ರಿ ಅವರನ್ನ ಎಂದಳು. ಮಾಳಿಗೆ ಮಣ್ಣಿನ ಕಾರಣ ಓದಿ, ಇಷ್ಟೇ, ಮುಗೀತು ಎಂದು ಹಾಳೆ ಮಡಚಿದೆ.

"ತಪ್ಪಿದಲ್ಲಿ ಅಂತ ಇರತೈತಲ್ರಿ ಕಡೀಕೆ, ಅದನ್ನ ಓದ್ರಿ," ಎಂದಳು ಈರಮ್ಮ.

ಗುರುವಿಗೇ ತಿರುಮಂತ್ರ. ಓದಿದೆ. ಕಚೇರಿಯಲ್ಲಿ ಹತ್ತು ಜನರ ಮುಂದೆ ಗಟ್ಟಿಯಾಗಿ ಓದುವ ವಾಕ್ಯವನ್ನು ಕರಿಬೇವಿನ ಗಿಡಕ್ಕೂ ಕೇಳದಷ್ಟು ಮೆಲ್ಲಗೆ ಓದಿದೆ. 'ಖಾಲಿ ಮಾಡಿ' ಎಂಬಲ್ಲಿ ಅವಳು ತಲೆ ತಗ್ಗಿಸಿ ಬೆರಳಿಗೆ ಅಂಟಿದ ಹಿಟ್ಟನ್ನು ಉಜ್ಜತೊಡಗಿದಳು. ಬಹಳ ಹೊತ್ತು ಅದನ್ನೇ ಉಜ್ಜಿದಳು. ಬಾಡಿಗೆಯ ಮಾತಿಗೆ ಅಲುಗದಿದ್ದ ಮುಖ ಈಗ ಬಾಡಿತ್ತು. ನಾನು ಬದುಕಿನಲ್ಲಿ ಎಷ್ಟು ತಪ್ಪಿದಲ್ಲಿಗಳನ್ನು ಬರೆದಿದ್ದೆನೋ, ಆದರೆ ಒಂದೂ ಹೋಗಿ ಬಿದ್ದ ಜಾಗವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳಿಗೆ ಆ ಎರಡು ಖೋಲಿ ಬಿಟ್ಟರೆ ಸಿಂಧನೂರಿನಲ್ಲಿ ಒಲೆ ಹೂಡಲು ಬೇರೆ ನೆಲವಿರಲಿಲ್ಲ. ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಅವಳು ತಲೆ ಎತ್ತಿ, ಜವಾಬ್ ಬರೀರಿ ಎಂದಳು. ಪೆನ್ನು, ಹಾಳೆ ತಂದೆ. ಮಾಲಕರಿಗೆ ಬರೀರಿ ಅಣ್ಣಾರ ಎಂದು ಹೇಳತೊಡಗಿದಳು. ಒಂಬತ್ತು ವರ್ಷದಲ್ಲಿ ಒಲೆಯನ್ನು ಮೂರು ಸಲ ತನ್ನ ಖರ್ಚಿನಲ್ಲಿ ಹೂಡಿದ್ದಾಳೆ. ಬಾಗಿಲಿನ ಹಲಗೆ ಗೆದ್ದಲು ತಿಂದಾಗ ತಾನೇ ಹೊಸದು ಹಾಕಿಸಿದ್ದಾಳೆ. ಅಡಿಗೆ ಖೋಲಿಯ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿದೆ, ಹಿಟ್ಟಿನ ಡಬ್ಬಿಯ ಮೇಲೆ ಪರಾತ ಬೋರಲು ಹಾಕಿ ದಿನ ಕಳೆದಿದ್ದಾಳೆ. ನಾನು ಪೆನ್ನು ನಿಲ್ಲಿಸಿ, ಇದನ್ನು ಮಾಲಕರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೆಂಗ ಹೇಳೂದ್ರಿ? ಮೂರು ಸಲ ಹೇಳಾಕಂತ ಬಂದೆ. ಅವರ ಮಾರಿ ನೋಡಿದ ಕೂಡ್ಲೆ, ಪಾಪ ಇವರ ಕಡೆ ಎಲ್ಲೈತಿ ರೊಕ್ಕ ಅಂತ ವಾಪಸ್ ಹೋದೆ."

ಅವಳು ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಇಬ್ಬರೂ ಆ ಹೈದರಾಬಾದಿನ ಮುದುಕ ಕೂತಿದ್ದ ಜಾಗವನ್ನು ನೋಡಿದೆವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಕೈಯಲ್ಲಿ ಪೆನ್ನಿತ್ತಲ್ಲ, ಬೆರಳಿಗೆ ಹಳೆಯ ಚಟ ಹತ್ತಿತು. ಎದುರು ಕಕ್ಷಿಯ ನೋಟೀಸನ್ನು ಮತ್ತೊಮ್ಮೆ ತಿರುವಿ ನೋಡಿದೆ. ನೋಡಿದರೆ, ತಿಂಗಳು ಶುರುವಾದ ಮೇಲೆ ಬರೆದು, ಅಂಚೆಯಲ್ಲೂ ನಾಲ್ಕು ದಿನ ಕಳೆದುಹೋಗಿ, ಮುಂದಿನ ಒಂದನೇ ತಾರೀಖಿಗೆ ಒಂದು ತಿಂಗಳ ಮುದ್ದತು ತುಂಬುತ್ತಲೇ ಇರಲಿಲ್ಲ. ಎಂಥ ದಡ್ಡ ಬರೆದಿದ್ದಾನೆ ಎಂದು ನನಗೆ ಖುಷಿಯೋ ಖುಷಿ. 'ಸದರಿ ನೋಟೀಸು ಮುದ್ದತಿನ ದೋಷದಿಂದ ಕೂಡಿದ್ದು ಪ್ರಾರಂಭದಲ್ಲಿಯೇ ಅಸಿಂಧುವಾಗಿರುತ್ತದೆ' ಎಂದು ಬರೆದು ಗಟ್ಟಿಯಾಗಿ ಓದಿದೆ. ಸೋರುವ ಮಾಳಿಗೆಗೆ ಎರಡು ವರ್ಷದ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿದೆ. 'ಮಾಲಕರ ಧರ್ಮಪತ್ನಿಯವರು ರಾಯಚೂರಿನ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ಸದರಿ ಮಾಲಕರಿಗೆ ಎರಡು ಹೊತ್ತು ಊಟ ಹಾಕಿದವರು ಯಾರೆಂಬುದನ್ನು ಅವರು ನೆನಪಿಸಿಕೊಳ್ಳತಕ್ಕದ್ದು' ಎಂದು ಬರೆಯುವಾಗ ನನ್ನ ಕಣ್ಣಿನಲ್ಲೇ ನೀರು ಬಂತು. ಅಷ್ಟು ಹೊತ್ತು ಅಡಿಗೆಮನೆಯ ಕಿಟಕಿಯಲ್ಲಿ ಕೆಮ್ಮುತ್ತಿದ್ದ ಶಾಂತಾ ಚಹಾ ಹಿಡಿದು ಹೊರಗೇ ಬಂದಳು. ನೀವು ಯಾರ ಕಡಿ ಅದೀರಿ, ಅದನ್ನರ ಹೇಳ್ರಿ ಎಂದು ನನ್ನನ್ನು ಕೇಳಿ, ಈರಮ್ಮನ ಪಕ್ಕ ಕೂತಳು.

ಈರಮ್ಮ ಆಸ್ಪತ್ರೆಯ ಸಾಲು ಹೊಡೆದುಹಾಕಿಸಿದಳು. ಊಟ ಹಾಕಿದ್ದು ನೋಟೀಸಿನಾಗ ಬರಬಾರದು ಎಂದಳು. ಪರಿಹಾರವೂ ಬೇಡ, ಮುದ್ದತಿನ ತಕರಾರೂ ಬೇಡ ಎಂದಳು. ನನ್ನ ಒಳ್ಳೊಳ್ಳೆಯ ವಾಕ್ಯಗಳೆಲ್ಲ ಒಂದೊಂದಾಗಿ ನೆಲಕ್ಕೆ ಬಿದ್ದವು. ಹಾಗಾದರೆ ಉಳಿಯಿತೇನು ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಬಾಡಗಿ ನೂರಾ ಇಪ್ಪತ್ತು ಕೊಡತೀನಿ ಅಂತ ಬರೀರಿ. ಎಲ್ಲಾ ತುಟ್ಟಿ ಆಗೈತಿ, ಅವರರ ಏನ್ ಮಾಡಬೇಕು. ಆದ್ರ ಆ ತಪ್ಪಿದಲ್ಲಿ ಅನ್ನೂದನ್ನ ತಗೀರಿ ಅಂತ ಬರೀರಿ. ಅದನ್ನ ಅವರು ಬರೀಬಾರದಿತ್ತು ಅಣ್ಣಾರ."

ಬರೆದೆ. ಅಷ್ಟೇ ಬರೆದೆ. ನನ್ನ ಬರವಣಿಗೆಯ ಜೀವಮಾನದಲ್ಲೇ ಅತಿ ಚಿಕ್ಕ ಜವಾಬು ಅದು. ಈರಮ್ಮ ಹೆಬ್ಬೆಟ್ಟು ಒತ್ತಿದಳು, ಅವರು ರಜಿಸ್ಟರ್ ಕಳಿಸ್ಯಾರ ಅಂದಮ್ಯಾಲ ನಾವೂ ರಜಿಸ್ಟರ್ ಮಾಡೂಣು ಎಂದು ಪಟ್ಟು ಹಿಡಿದಳು. ಸೋಮವಾರ ಅದನ್ನು ಲಿಂಗಸುಗೂರಿಗೆ ಒಯ್ದು, ನನ್ನ ಹೆಸರಿಗೆ ನಾನೇ ಅಂಚೆ ಖರ್ಚು ಕೊಟ್ಟು ಕಳಿಸಿದೆ. ಗುರುವಾರ ಅದು ಬಂದಾಗ ಪೋಸ್ಟ್‌ಮನ್ ಚೀಟಿಗೆ ನನ್ನ ಸಹಿ ಹಾಕಿಸಿಕೊಂಡು, ಇದು ಈರಮ್ಮನ ಕಡೀಂದ ರೀ, ಅಕ್ಷರ ಮಾತ್ರ ನಿಮ್ಮದ ಎಂದು ವರದಿ ಒಪ್ಪಿಸಿ ಹೋದ.

ತಪ್ಪಿದಲ್ಲಿ ಇಲ್ಲದ ಹೊಸ ನೋಟೀಸು ಬರೆಯಲು ಎರಡು ಸಂಜೆ ಕೂತೆ. ಬರಲಿಲ್ಲ. ಹೇಗೆ ಶುರುಮಾಡಿದರೂ ಬೆರಳು ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಹಾಳೆಗಳನ್ನು ಒಲೆಗೆ ಹಾಕಿ ಶಾಂತಾ, ಎದ್ದು ಹೋಗಿ ಹೇಳಿಬರ್ರಿ ಎಂದಳು. ಹೋದೆ, ಮುಂದಿನ ಬಾಗಿಲಿನಿಂದಲೇ ಹೋದೆ. ಊಟದ ಹೊತ್ತು ಮುಗಿದಿತ್ತು. ನೋಡು ಈರಮ್ಮ, ಬಾಡಿಗೆ ಮುಂದಿನ ತಿಂಗಳಿನಿಂದ ನೂರಾ ಇಪ್ಪತ್ತು, ಮಾಳಿಗೆ ಮಣ್ಣು ಮೊದಲು ನಿನ್ನ ಅಡಿಗೆ ಖೋಲಿ ಮೇಲೆ ಬೀಳುತ್ತದೆ ಎಂದೆ. ಒಂದೇ ಉಸಿರಿಗೆ ಮುಗಿಯಿತು. ಮೂರು ಸಲ ಹೊತ್ತು ಹೋಗಿ ವಾಪಸ್ ತಂದದ್ದು ಇಷ್ಟೇ ಇಷ್ಟು ಮಾತು. ಆತು ಬಿಡ್ರಿ ಎಂದು ಅವಳು ಮಣೆ ಹಾಕಿದಳು. ಮಣ್ಣು ಬಿತ್ತು, ಮಿರಗ ಬಂತು, ಅಡಿಗೆ ಖೋಲಿ ಸೋರಲಿಲ್ಲ. ನಾವಿದ್ದ ಕಡೆ ಮಣ್ಣು ಸಾಲದೆ ಪಡಸಾಲೆ ಸ್ವಲ್ಪ ಸೋರಿತು, ನೀರು ಹಿಡಿಯಲು ಪರಾತವನ್ನು ಈರಮ್ಮನೇ ಕೊಟ್ಟಳು.

ಆಮೇಲೆ ನಾನು ಯಾರಿಗೂ ಬಾಡಿಗೆಯ ನೋಟೀಸು ಬರೆಯುವ ಪ್ರಸಂಗ ಬರಲಿಲ್ಲ. ನನ್ನಿಂದ ಆಗದ ಕೆಲಸವೆಂದು ಈರಮ್ಮ ಅದನ್ನು ತಾನೇ ವಹಿಸಿಕೊಂಡಳು. ಎರಡು ವರ್ಷಕ್ಕೊಮ್ಮೆ ಯುಗಾದಿ ಮುಗಿಸಿ ಬೇವು ಬೆಲ್ಲ ಹಿಡಿದು ಬಂದು, ಅಣ್ಣಾರ, ಈ ಸಲ ಬಾಡಗಿ ಇಷ್ಟು ಏರಸಾಕತ್ತೀರಿ ಎಂದು ನನಗೆ ತಿಳಿಸುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಒಂದು ವರ್ಷ ಅವಳು ಏಕ್‌ದಂ ಇನ್ನೂರು ಎಂದಾಗ ನನಗೇ ಹೆಚ್ಚೆನಿಸಿತು. ಬೇಡ ಈರಮ್ಮ, ನೂರಾ ಎಂಬತ್ತು ಸಾಕು, ಓಣಿಯವರು ಏನಂದಾರು ಎಂದು ಚೌಕಾಸಿ ಮಾಡಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತು, ಇನ್ನೂರು ಅಂದ್ರ ಇನ್ನೂರು ಎಂದಳು. ತಪ್ಪಿದಲ್ಲಿ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.